ಕಿರುಗುಟ್ಟುವ ಕದ

ಪೋಸ್ಟರು ಹಚ್ಚಿದ್ದಾರೆ ಟ್ರಾಮ್ ನಿಲ್ದಾಣದ ಗಾಜಿಗೆ.
ಮೂವತ್ತಮೂರು ವರ್ಷದ ಮೇಲೆ, ಎರಡನೇ ಭಾಗ.
ಅದೇ ಕಾವಲುಗಾರ, ಅದೇ ಲಾಟೀನು,
ಮುಖಕ್ಕೆ ಮಾತ್ರ ಯಾರೋ ಇಸ್ತ್ರಿ ಹಾಕಿದ ಹಾಗೆ.
ನನ್ನ ಟ್ರಾಮು ಹೋಯಿತು. ಮುಂದಿನದೂ ಹೋಯಿತು.
ವೂಚ್ ಊರಿನ ಮಾರ್ಚ್ ತಿಂಗಳ ಕೆಸರು ಹಿಮ
ಬೂಟಿನೊಳಗೆ ಇಳಿಯುತ್ತಿತ್ತು. ಇಳಿಯಲಿ ಎಂದೆ.

ನಿಮಗೆ ಗೊತ್ತಿರಲಿಕ್ಕಿಲ್ಲ ಆ ಮೊದಲ ಭಾಗ.
ಆರು ದಿನ ಓಡಿತ್ತು; ಏಳನೇ ದಿನ ಅದೇ ಪರದೆಯ ಮೇಲೆ
ಕರಾಟೆ.
ಮುಚ್ಚಿದ ನೂಲಿನ ಗಿರಣಿ, ಅದಕ್ಕೊಬ್ಬ ಕಾವಲುಗಾರ,
ದಿನಾ ರಾತ್ರಿ ಬಾಗಿಲೆಣಿಸುತ್ತಾನೆ: ನಲವತ್ತೊಂದು.
ಒಂದು ರಾತ್ರಿ ನಲವತ್ತೆರಡು.
ಅಷ್ಟೇ ಕತೆ.
ಚಂದ್ರ ಅಂದರೆ ತಗಡಿನ ತಟ್ಟೆ,
ನೇತುಹಾಕಿದ ಮೊಳೆಯೂ ಕಾಣುತ್ತಿತ್ತು.
ಅವಧಿ ಮೀರಿದ ರೀಲು; ಎಲ್ಲರ ಮುಖವೂ
ಸೌತೆ ಉಪ್ಪಿನಕಾಯಿಯ ಜಾಡಿಯೊಳಗಿಂದ ಕಂಡಂತೆ ಹಸಿರು.
ಕೊನೆಗೆ ಅವನು ಹಿಡಿಕೆಗೆ ಕೈ ಹಾಕುತ್ತಾನೆ,
ಕದ ಕಿರುಗುಟ್ಟುತ್ತದೆ,
ಕತ್ತಲು. ಹೆಸರುಗಳು. ಸಂಗೀತವೂ ಇಲ್ಲ.

ಆ ಕದದ ಹಿಂದೆ ನಾನೂ ಲೆಶೆಕನೂ
ಹದಿನಾಲ್ಕು ವರ್ಷ ಸಂಸಾರ ಮಾಡಿದೆವು.
"ಸಮುದ್ರ" ಅನ್ನುತ್ತಿದ್ದೆ ನಾನು.
"ಇನ್ನೊಂದು ಗಿರಣಿ, ಅಲ್ಲೊಬ್ಬ ಕಾವಲುಗಾರ,
ಅವನೂ ಎಣಿಸುತ್ತಿದ್ದಾನೆ" ಅನ್ನುತ್ತಿದ್ದ ಅವನು.
ಕ್ಯಾಸೆಟ್ ಸವೆದು ಚಿತ್ರದ ತುಂಬ ಜಡಿಮಳೆ ಹಿಡಿಯಿತು,
ಬಾಗಿಲು ಸವೆಯಲಿಲ್ಲ.
ಆಮೇಲೆ ಅವನು ಆ ಕ್ಯಾಸೆಟ್ಟನ್ನು
ಹ್ಯಾಂಬರ್ಗಿನ ಯಾವನೋ ಸಂಗ್ರಾಹಕನಿಗೆ ಮಾರಿದ.
ನನ್ನ ಪಾಲಿನ ದುಡ್ಡು ಲಕೋಟೆಯಲ್ಲಿ ಕಳಿಸಿದ.
ತಪ್ಪಾದದ್ದು ಅಲ್ಲಿ. ಕದ್ದಿದ್ದರೆ ಕ್ಷಮಿಸಬಹುದಿತ್ತು.

ಬರುತ್ತದೆ, ಬರುತ್ತದೆ ಅಂದರು.
ನಿರ್ಮಾಪಕ ಜೈಲಿಗೆ ಹೋದ, ಬಂದ.
ನಾಯಕನ ಮಂಡಿಚಿಪ್ಪು ಬದಲಾಯಿತು.
ಪ್ರತಿ ಸಲ ನಿಂತುಹೋದಾಗಲೂ ಬಾಯಲ್ಲಿ ಬೈಗುಳ,
ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ:
ಈ ವರ್ಷವೂ ಸಮುದ್ರ ನನ್ನದೇ.

ಹಲ್ಲುಸೆಟ್ಟು ಮಾಡುವುದು ನನ್ನ ಕಸುಬು.
ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಮಾತನ್ನು
ನನ್ನೆದುರು ಆಡಬೇಡಿ.
ಹಲ್ಲು ಹೋದ ಜಾಗವನ್ನು ನಾಲಿಗೆ
ದಿನಕ್ಕೆ ನೂರು ಸಲ ಮುಟ್ಟಿ ಬರುತ್ತದೆ.
ಹೊಸದನ್ನು ಕೂರಿಸಿದ ಮೊದಲ ವಾರ
ಮುದುಕಿಯರು ಬಂದು ದೂರುತ್ತಾರೆ:
ಚೆನ್ನಾಗಿದೆ ಕಣಪ್ಪಾ, ನೋವಿಲ್ಲ, ಆದರೆ
ಬಾಯಲ್ಲಿ ಇನ್ಯಾರೋ ಇದ್ದ ಹಾಗಿದೆ.

ಕ್ಯೂನಲ್ಲಿ ನನಗಿಂತ ನಾಲ್ಕು ಜನ ಮುಂದೆ ಲೆಶೆಕ್.
ತಲೆ ಬೋಳು. ಹಳೆಯ ಕಂದು ಕೋಟು,
ಮೇಲಿನಿಂದ ಎರಡನೇ ಗುಂಡಿ ಇಲ್ಲ.
ಕಾವಲುಗಾರನ ಕೋಟಿನಲ್ಲಿ ಒಂದು ಶಾಟಿಗೆ ಇದ್ದು
ಮರುಶಾಟಿಗೆ ಮಾಯವಾಗುತ್ತಿದ್ದ ಗುಂಡಿ ಅದು.
ಕೈ ತಾನಾಗಿ ನನ್ನ ಎದೆ ತಡಕಿತು.
ನನ್ನದೂ ಇರಲಿಲ್ಲ; ಬೆಳಿಗ್ಗೆ ನಾನೇ ಕಿತ್ತಿದ್ದೆ.

ಗಿರಣಿಯೇ ಈಗ ಮಾಲು. ಮೂರನೇ ಮಹಡಿಯಲ್ಲಿ ಚಿತ್ರಮಂದಿರ,
ಹತ್ತಿಯ ಧೂಳು ಹಾರುತ್ತಿದ್ದಲ್ಲಿ ಬೆಣ್ಣೆಯ ಪಾಪ್‌ಕಾರ್ನು.
ಪಕ್ಕದಲ್ಲಿ ಮಗಳು ಇಗಾ, ಮೊದಲ ಭಾಗವನ್ನು
ಫೋನಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ನೋಡಿ ಮುಗಿಸಿದವಳು.
ಚಂದ್ರ ಈ ಸಲ ಥೇಟ್ ಚಂದ್ರನೇ,
ಕುಳಿಗಿಳಿ ಎಲ್ಲ ಸಮೇತ. ಮೊಳೆ ಹುಡುಕಿದೆ.
ಯಾರ ಮುಖವೂ ಹಸಿರಲ್ಲ.
ಎದ್ದು ಹೋಗಲೇ ಎಂದುಕೊಳ್ಳುವಷ್ಟರಲ್ಲಿ
ಅವನ ಕೈ ಹಿಡಿಕೆಗೆ ಬಿತ್ತು.

ಕಿರ್...
ಅದೇ. ನಡುವೆ ಬಿಕ್ಕಿದಂತೆ ಒಮ್ಮೆ ತಡೆದು
ಮತ್ತೆ ಎಳೆದುಕೊಳ್ಳುವ ಅದೇ ಸದ್ದು.
ಇಷ್ಟು ಕೋಟಿ ಸುರಿದವರು
ಅದೊಂದಕ್ಕೆ ಎಣ್ಣೆ ಬಿಟ್ಟಿರಲಿಲ್ಲ.
ಮೂರು ಸಾಲು ಮುಂದೆ ಒಂದು ಬೋಳುತಲೆ
ತಟ್ಟನೆ ಬಗ್ಗಿತು.
ಕನ್ನಡಕ ಒರೆಸಿ ನಾನು ಮತ್ತೆ ಹಾಕಿಕೊಳ್ಳುವಾಗ
ಕದದ ಹಿಂದಿನದು ಬಂದು ಹೋಗಿತ್ತು.
ಇಗಾಳನ್ನು ಕೇಳಿದೆ. ಕಿವಿಯಲ್ಲಿ ಹೇಳಿದಳು.
ಅಷ್ಟೇನಾ, ಎಂದೆ.
ಅಷ್ಟೇ, ಎಂದಳು.

ಹೊರಗೆ, ಮೆಟ್ಟಿಲ ಬಳಿ, ಹತ್ತೊಂಬತ್ತು ವರ್ಷದ ಮೇಲೆ ಮೊದಲ ಮಾತು:
"ಮೊಳೆ ಇರಲಿಲ್ಲ."
"ಇರಲಿಲ್ಲ."
"ಒಂಚೂರೂ ಚೆನ್ನಾಗಿರಲಿಲ್ಲ."
"ಒಂಚೂರೂ."
ಕೈಗವಸು ಹುಡುಕಿದ, ಜೇಬಿನಲ್ಲೇ ಇತ್ತು.
"ಬುಧವಾರ ಆರೂವರೆ ಆಟಕ್ಕೆ ಟಿಕೆಟು ಅಗ್ಗವಂತೆ" ಎಂದ,
ಯಾರಿಗೋ ಹೇಳುವವನ ಹಾಗೆ,
ಬರುತ್ತಿದ್ದ ಟ್ರಾಮಿನ ಕಡೆ ನೋಡುತ್ತ.