ಎರಡನೇ ಭಾಗ

ಮೊದಲನೆಯದು ನೋಡಿಲ್ಲ. ಮೊದಲೇ ಹೇಳಿಬಿಡುತ್ತೇನೆ.

ಈ ಎರಡನೆಯದರ ಪೋಸ್ಟರು ರಾಯದುರ್ಗಕ್ಕೆ ಬಂದಾಗ
ನನಗೆ ಹನ್ನೊಂದು. ಬಸ್‌ಸ್ಟ್ಯಾಂಡಿನ ಹಿಂದಿನ ಗೋಡೆ,
ಮೂಗು ಮುಚ್ಚಿಕೊಂಡು ದಾಟುವ ಜಾಗ.
ಉರಿಯುವ ಆಕಾಶದ ಕೆಳಗೆ ಹಿತ್ತಾಳೆ ಕೈಯ ಗಂಡಸು
ನನ್ನನ್ನೇ ನೋಡುತ್ತಿದ್ದ.
ಮಾರನೇ ದಿನ ಆಡು ಬಂದು
ಮೊಣಕಾಲಿನವರೆಗೆ ತಿಂದುಹಾಕಿತ್ತು.

ಇವತ್ತು, ಮೂವತ್ತಮೂರು ವರ್ಷದ ಮೇಲೆ, ಶನಿವಾರ.
ತ್ರೀಫೇಸ್ ಕರೆಂಟಿಲ್ಲ, ಹೊಲಿಗೆ ನಿಂತಿದೆ.
ಉಳಿದ ಒಂದು ಫೇಸಿಗೆ
ಓನರು ಕ್ರಿಕೆಟ್ಟಿಗೆಂದು ತಂದಿಟ್ಟ ಟೀವಿ ನಡೆಯುತ್ತದೆ.
ಜೀನ್ಸ್ ಗಂಟುಗಳ ಮೇಲೆ ಏಳು ಜನ ಕೂತಿದ್ದೇವೆ,
ಉಗುರು ನೀಲಿ, ಸೀನಿದರೂ ನೀಲಿ.

ಅವನು ತೆಲುಗು ಮಾತಾಡುತ್ತಾನೆ.
ಬಾಯಿ ಮುಚ್ಚಿದ ಮೇಲೂ ಒಂದು ಮಾತು ಹಿಂದುಳಿದು
ಓಡೋಡಿ ಬರುತ್ತದೆ.
ನಮಗೇನೂ ತೊಡಕಿಲ್ಲ, ಈ ಊರಲ್ಲಿ
ಲೆಕ್ಕ ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ.

‘ಇವಳ್ಯಾರು?’
‘ಅವನ ಹೆಂಡ್ತಿ. ಮೊದಲನೇ ಭಾಗದಾಗೆ ಸತ್ತಿದ್ಳು.’
‘ಸತ್ತೋಳು ಕೂತ್ಕಂಡು ಚಾ ಕುಡೀತಾ ಅವಳಲ್ಲ?’
ಹೊನ್ನೂರವಲಿ ತಲೆ ಕೆರೆದ.
ಗುಮ್ಮಗಟ್ಟದ ಟೆಂಟಿನಲ್ಲಿ ಅವನು ನೋಡಿದ್ದು ನಿಜ,
ಮೂರನೇ ರೀಲು ಮಾತ್ರ ಬಳ್ಳಾರಿಯಿಂದ ಬಂದೇ ಇರಲಿಲ್ಲವಂತೆ.
ಅವಳು ಸತ್ತದ್ದೂ ಬದುಕಿದ್ದೂ
ಆ ಡಬ್ಬಿಯಲ್ಲೇ ಇರಬೇಕು.

ನಮ್ಮ ಅಜ್ಜನದೂ ಇದೇ ಕತೆ.
ಬಳ್ಳಾರಿ ಜಿಲ್ಲೆಯಲ್ಲಿ ಮಲಗಿ
ಅನಂತಪುರ ಜಿಲ್ಲೆಯಲ್ಲಿ ಎದ್ದ, ಮಂಚ ಅದೇ.
ಮುಂಚೆ ಏನಾಗಿತ್ತಜ್ಜಾ ಅಂದರೆ
ಎಲೆಯಡಿಕೆ ಉಗಿದು
‘ಬೋರ್ಡು ಬರೆಯೋನಿಗೆ ಕೆಲಸ ಸಿಕ್ತು’ ಅನ್ನುತ್ತಿದ್ದ.

ಪರದೆಯ ಮೇಲೆ ದೊಡ್ಡ ಅಕ್ಷರ:
ಭವಿಷ್ಯ. ಎರಡು ಸಾವಿರದ ಒಂಬತ್ತು.
ಊರೆಲ್ಲ ಬೂದಿ. ಕಬ್ಬಿಣದ ಏಡಿಗಳು
ಮನೆಯಿಂದ ಮನೆಗೆ ಮಕ್ಕಳನ್ನು ಎಣಿಸುತ್ತಿವೆ.

ಆ ವರ್ಷ ನಾನು ತಮ್ಮನ ಮದುವೆಗೆಂದು
ಮೊಳಕಾಲ್ಮೂರಿಗೆ ಹೋಗಿ ಸೀರೆ ತಂದೆ.
ಜಗತ್ತು ಇತ್ತು.
ಮರೆತುಬಂದ ಹನ್ನೆರಡು ರೂಪಾಯಿ ಚಿಲ್ಲರೆ ಹಿಡಿದು
ಅಂಗಡಿಯವನು ಬಸ್ಸಿನ ಕಿಟಕಿವರೆಗೂ ಓಡಿಬಂದಿದ್ದ.

ಬಾಂಬು ಬೀಳುತ್ತದೆ. ಪ್ಯಾಂಟು ಹರಿಯುವುದಿಲ್ಲ.
ಹರಿದರೂ ತೊಡೆಯ ನಟ್ಟನಡುವೆ, ಒಪ್ಪವಾಗಿ.
ಎಷ್ಟು ಸಾವಿರ ಪ್ಯಾಂಟು ಈ ಕೈಮೇಲೆ ಹೋಗಿದೆ ಮಾರಾಯ,
ತೊಡೆಯ ನಡುವೆ ಯಾವುದೂ ಹರಿಯುವುದಿಲ್ಲ.
ಹರಿಯುವುದು ಕೂರುವ ಕಡೆ,
ಆಮೇಲೆ ಜೇಬಿನ ಮೂಲೆ.

ಅಂದುಕೊಳ್ಳುವಷ್ಟರಲ್ಲಿ
ಏಡಿಗಳನ್ನೆಲ್ಲ ನಿಲ್ಲಿಸುವ ಒಂದೇ ಒಂದು ಕೀಲಿ
ಅವನ ಬಲಜೇಬಿನ ಮೂಲೆಯಿಂದಲೇ ಜಾರಿತು!
ಗಂಟಿನ ಮೇಲಿಂದ ಎದ್ದೇಬಿಟ್ಟೆ:
‘ಬಾರ್‌ಟ್ಯಾಕ್ ಹಾಕಿಲ್ಲ ನೋಡ್ರೇ, ಬಾರ್‌ಟ್ಯಾಕ್!’
ಎಲ್ಲರೂ ನಕ್ಕರು. ನಗುವಂಥದ್ದೇನು?
ಇಪ್ಪತ್ತೆಂಟು ಕುತ್ತು, ಒಂದು ಉಸಿರಿನ ಕೆಲಸ.
ಅಷ್ಟಿದ್ದಿದ್ದರೆ
ಈ ಸಿನಿಮಾ ಇಂಟರ್ವಲ್ಲಿಗೇ ಮುಗಿಯುತ್ತಿತ್ತು.

ಅವನು ಕೀಲಿ ಹುಡುಕುತ್ತ ಬೂದಿಯಲ್ಲಿ ನಡೆಯುತ್ತಾನೆ.
ಕ್ಯಾಮೆರಾ ಕೆಳಗಿಳಿಯಿತು.
ಆಡು ತಿಂದಿದ್ದ ಭಾಗ ಈಗ ಕಂಡೆ:
ಸಾದಾ ಕರೀ ಬೂಟು.
ಎಡಗಾಲಿನದಕ್ಕೆ ದಾರ ಬಿಚ್ಚಿದೆ.

ಇನ್ನು ಹತ್ತು ನಿಮಿಷ ಇತ್ತೇನೋ,
ಕರೆಂಟು ಬಂತು. ಮೋಟರುಗಳೆಲ್ಲ ಒಟ್ಟಿಗೆ ಗುಂಯ್ ಅಂದವು.
ಟೀವಿ ಆರಿಸುವುದನ್ನು ಯಾರೂ ನೆನೆಯಲಿಲ್ಲ.
ಸತ್ತಿದ್ದ ಹೆಂಡತಿಯ ಕಿವಿಯಲ್ಲಿ ಅವನೇನೋ ಹೇಳಿದ,
ತುಟಿ ಮಾತ್ರ ಆಡಿತು.

ಹೊನ್ನೂರವಲಿ ಕಟಿಂಗ್ ಟೇಬಲ್ಲಿನಿಂದ ಕೂಗಿದ: ‘ಏನಂದ?’
ನಾನೂ ಕೂಗಿದೆ: ‘ಕೀಲಿ ಸಿಕ್ತಂತೆ!’

ಸಿಕ್ಕಿತೋ ಇಲ್ಲವೋ.
ಆ ಸಂಜೆಯ ಲಾಟಿನಲ್ಲಿ ಪ್ರತಿ ಬಲಜೇಬಿಗೂ
ಎರಡೆರಡು ಸಲ ಬಾರ್‌ಟ್ಯಾಕ್ ಹೊಡೆದೆ.
ದಾರ ದಂಡ ಅಂತ ಓನರು ಬೈದ.