ಗಾಳಿಗೆ ಬೆನ್ನು

ಹನ್ನೊಂದಕ್ಕೇ ಬಂದು ಕೂತಿದ್ದಾಳೆ ತೂರ್ದಿಸ್,
ಮೀನಿನ ಕ್ರೇಟು ಬೋರಲು ಹಾಕಿ,
ಮಡಿಲಲ್ಲಿ ಹಲಗೆ, ಹಲಗೆಗೆ
ಬಟ್ಟೆಯ ಕ್ಲಿಪ್ಪಿನಲ್ಲಿ ಕಚ್ಚಿಸಿದ ಕಾಗದ.
ನಲವತ್ತು ವರ್ಷ ಕಾಡ್ ಮೀನಿನ ಬೆನ್ನುಮೂಳೆ ಬಿಡಿಸಿದ ಕೈ
ಕುಂಚವನ್ನೂ ಚೂರಿಯ ಹಾಗೇ ಹಿಡಿಯುತ್ತದೆ.

ವಾರ್ಡೋದಲ್ಲಿ ಇವತ್ತೇ ಕೊನೆ.
ನಾಳೆಯಿಂದ ಎರಡು ತಿಂಗಳು ಸೂರ್ಯ ತಲೆ ಎತ್ತುವುದಿಲ್ಲ.
ಇವತ್ತು ಎತ್ತುವುದಾದರೂ ಏನು,
ಸಾಲ ಮಾಡಿದವನು ಬಾಗಿಲ ಸಂದಿಯಲ್ಲಿ ಇಣುಕಿದಂತೆ
ಹಣೆಯಷ್ಟೇ ತೋರಿಸಿ, ಹತ್ತೋ ಹನ್ನೆರಡೋ ನಿಮಿಷ.

ನೀರು ಹೆಪ್ಪುಗಟ್ಟಬಾರದೆಂದು ಲೋಟಕ್ಕೆ
ಅಕ್ವಾವಿಟ್ ಬೆರೆಸಿದ್ದಾಳೆ, ಅರ್ಧಕ್ಕರ್ಧ.
"ಬಣ್ಣಕ್ಕೋ, ನಿನಗೋ?" ಅನ್ನುತ್ತಾನೆ ಐಲಿಫ್,
ಹಿಮ ಗುಡಿಸುವ ಟ್ರಕ್ಕು ರಸ್ತೆಯಂಚಿಗೆ ನಿಲ್ಲಿಸಿ ಬಂದವನು.
"ಬಾಯಿ ಮುಚ್ಚಿ ಅಲ್ಲಿ ನಿಲ್ಲು. ಇನ್ನೂ ಎಡಕ್ಕೆ.
ಗಾಳಿಗೆ ಬೆನ್ನು ಕೊಡು."
ಆರಡಿ ನಾಲ್ಕಂಗುಲದ ಪಕ್ಕದ ಮನೆ ಹುಡುಗ
ಗೋಡೆಯಾಗಿ ನಿಂತ.
ಸಮುದ್ರ ಅವನ ಹಿಂದೆ.
ಬರುವವನೂ ಹಿಂದಿನಿಂದಲೇ.

ಬಂದ.

ಮೊದಲು ನೀರು, ಆಮೇಲೆ ಹಳದಿ,
ಅಲ್ಲ, ಆಗಲೇ ಅದು ಹಳದಿಯಲ್ಲ,
ತೊಳೆದಿಟ್ಟ ಕಿವಿರಿನ ಕೆಂಪು;
ಕೆಂಪು ಕಲಸುವಷ್ಟರಲ್ಲಿ ಅದೂ ಅಲ್ಲ,
ಹೆಸರು ಕೂಗಿದಷ್ಟೂ ಮುಂದೋಡುವ ಮಗು.
ಹೊತ್ತು ನಿಲ್ಲುವುದಿಲ್ಲ, ಹೊತ್ತುವುದಷ್ಟೇ ಗೊತ್ತು ಅದಕ್ಕೆ:
ಅಲೆಯ ಅಂಚು ಹೊತ್ತಿ,
ದೋಣಿಮನೆಯ ತಗಡು ಹೊತ್ತಿ,
ಹಾರುವ ಒಂದು ಹಕ್ಕಿಯ ಹೊಟ್ಟೆ ಹೊತ್ತಿ

ಆರಿತು.

ಅಕ್ವಾವಿಟ್ಟಿಗೂ ಬಗ್ಗದ ಚಳಿ ಕಾಗದದ ತುಂಬ
ತನ್ನ ಜರೀಗಿಡ ಬರೆದಿತ್ತು, ಎಲೆ ಎಲೆಯಾಗಿ.
ಕುಂಚ ಕೊರಡು.
ಐಲಿಫ್ ಬಗ್ಗಿ ನೋಡಿದ.
"ಇದಲ್ಲ. ಕೊನೆಗೆ ಹಸಿರಿತ್ತು ಸ್ವಲ್ಪ,
ಎಳೆ ನಿಂಬೆಯ ಸಿಪ್ಪೆ ಥರ."
"ನೀನೆಲ್ಲಿ ನೋಡಿದೆ? ತಿರುಗಲೇ ಇಲ್ಲವಲ್ಲ."
"ನಿನ್ನ ಕನ್ನಡಕದಲ್ಲಿ. ಎರಡಿದ್ದವು."

ಕನ್ನಡಕ ತೆಗೆದು ಉಣ್ಣೆತೋಳಿಗೆ ಒರೆಸಹೋದವಳು
ಒರೆಸದೆ ಹಾಗೇ ಹಾಕಿಕೊಂಡಳು.

ಟ್ರಕ್ಕಿನ ಹೀಟರಿಗೆ ಜರೀಗಿಡ ಕರಗಿ
ಬಣ್ಣವೆಲ್ಲ ಒಂದು ಮೂಲೆಗೆ ಇಳಿಯತೊಡಗಿದಾಗ
ಹಲಗೆಯನ್ನು ಅವಳು ಸಮ ಮಾಡಲಿಲ್ಲ.
ಮನೆಮುಂದೆ ಇಳಿದು, ಲೋಟದಲ್ಲಿ ಉಳಿದದ್ದನ್ನು
ರಸ್ತೆಯ ಹಿಮಕ್ಕೆ ಚೆಲ್ಲಿ, ಬಾಗಿಲು ಹಾಕಿಕೊಂಡಳು.

ಹೆಡ್‌ಲೈಟಿನಲ್ಲಿ ಅದನ್ನು ಐಲಿಫ್ ನೋಡುತ್ತ ಕೂತ.
ಆಮೇಲೆ ಬ್ಲೇಡು ಎತ್ತಿ,
ಅಷ್ಟು ಜಾಗ ದಾಟಿ,
ಮತ್ತೆ ಇಳಿಸಿದ.