ತೊಂಬತ್ತೈದು

ಯಂತ್ರ ನನ್ನ ಕೈಗೆ ಬಂದಿದ್ದು ಯುಗಾದಿ ಕಳೆದ ಮೇಲೆ,
ಬಟ್ಟೆ ಒಣಹಾಕುವ ಕ್ಲಿಪ್ಪಿನಷ್ಟೇ ಇತ್ತು.
ಒಬ್ಬ ಆಶಾಗೆ ಒಂದು. ಮನೆ ಆರುನೂರ ಹನ್ನೆರಡು.
ಬೆರಳು ಕಚ್ಚಿಸು, ಕೆಂಪು ಅಂಕಿ ಬರೆದುಕೋ ಅಂದರು.
ತೊಂಬತ್ನಾಲ್ಕಕ್ಕಿಂತ ಕೆಳಗಿದ್ದರೆ ಫೋನು ಮಾಡು.
ಇಲ್ಲವಾದರೆ ಮುಂದಿನ ಮನೆ.

ಹಳೇ ದಾವಣಗೆರೆ, ಮಂಡಕ್ಕಿ ಭಟ್ಟಿಗಳ ಓಣಿ.
ಇಲ್ಲಿ ಹೊಗೆಗೆ ಬೇರೆ ಹೆಸರಿಲ್ಲ,
ಗಾಳಿ ಅಂತಲೇ ಕರೆಯುತ್ತಾರೆ.
ಯಾವಾಗಿಂದ ಕೆಮ್ಮು ಅಂದರೆ ಷಮೀಮ್‌ಬಾನು ನಗುತ್ತಾಳೆ:
"ಭಟ್ಟಿಗೆ ಬಂದಾಗಿಂದ ಅಕ್ಕಾ,
ಹದಿಮೂರು ವರ್ಷ ಇರಬೇಕು ನಂಗಾಗ."
ಫಾರಂನಲ್ಲಿ ಇರುವುದು ದಿನಗಳ ಕಾಲಂ.
ಮೂರು ಅಂತ ಬರೆದೆ.

ಹೋದ ವರ್ಷ ಈ ಓಣಿಯ ಬಾಯಿಗೆ ತಗಡು ಬಡಿದಿದ್ದರು.
ಹಾಲಿನವನು ತಿರುಗಿ ಹೋದ,
ಸೊಪ್ಪಿನ ಗಾಡಿ ತಿರುಗಿ ಹೋಯಿತು.
ಮಂಡಕ್ಕಿ ಚೀಲಗಳು ಮಾತ್ರ
ರಾತ್ರಿ ತಗಡಿನ ಮೇಲಿಂದ ದಾಟಿದವು,
ಹಗುರ ಅಲ್ಲವೇ.
ಸಂಜೆಯಾದರೆ ಊರಿಗೆ ಮಂಡಕ್ಕಿ ಬೇಕು,
ಹುರಿದ ಕೈ ಬೇಡ.

ದಾದಾಪೀರ್ ಸಾಹೇಬರ ಬೆರಳಿಗೆ ಸಿಕ್ಕಿಸಿದೆ.
ಎರಡು ಅಡ್ಡಗೆರೆ.
ಇನ್ನೊಂದು ಬೆರಳು. ಎರಡು ಅಡ್ಡಗೆರೆ.
ನಲವತ್ತು ವರ್ಷದ ಮಸಿ,
ಉಗುರಿನೊಳಗೆ ಇಳಿದು ಮನೆ ಕಟ್ಟಿಕೊಂಡಿದ್ದು.
ಏನು ಬರೆಯಲಿ ಅಂತ ಮೇಲಿನವರಿಗೆ ಫೋನು ಹಚ್ಚಿದೆ.
"ಸಹಕರಿಸಲಿಲ್ಲ ಅಂತ ಬರಿ."

ಅಂಥ ಹಾಳೆಗಳೇ ಕೂಡಿ, ಮೇಲೆ ಹೋಗಿ,
ಪತ್ರಿಕೆಯ ಮೂರನೇ ಪುಟದಲ್ಲಿ ಕೆಳಗಿಳಿದವು:
ಈ ವಾರ್ಡಿನ ಜನ ಸಹಕರಿಸುವುದಿಲ್ಲ.

ಸೊಸೆ ಹುಣಸೆಹಣ್ಣು ತಂದಳು, ಸೀಮೆಎಣ್ಣೆ ತಂದಳು,
ತಳ ಹಿಡಿದ ಪಾತ್ರೆಯಂತೆ ಒಂದೊಂದೇ ಬೆರಳು ಬೆಳಗಿದಳು.
ಮುದುಕ ಸುಮ್ಮನೆ ಕೈ ಕೊಟ್ಟು ಕೂತಿದ್ದರು,
ಬಳೆ ತೊಡಿಸಿಕೊಳ್ಳುವ ಹುಡುಗಿಯ ಹಾಗೆ.
ಆಮೇಲೆ ಯಂತ್ರ ಕಣ್ಣು ಬಿಟ್ಟಿತು:
ತೊಂಬತ್ತೈದು.

ತುಟಿ ಮಾತ್ರ ನೇರಳೆಹಣ್ಣು ತಿಂದವರ ತುಟಿ.
ಗಡಿಯಾರ ಹಿಡಿದು ಎದೆಯ ಏರಿಳಿತ ಎಣಿಸಿದೆ,
ಎಮ್ಮೆಗೆ ಜ್ವರ ಬಂದರೆ ನನ್ನವ್ವ ಎಣಿಸುತ್ತಿದ್ದ ಹಾಗೆ.
ನಿಮಿಷಕ್ಕೆ ಮೂವತ್ತಾರು.
ಅದಕ್ಕೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದೆ.
ಅಂಚನ್ನು ಯಾರೂ ಓದುವುದಿಲ್ಲ ಅಂತ ಗೊತ್ತು,
ನಮ್ಮ ಕೇರಿಯಿರುವುದೂ ಅಲ್ಲೇ.

ಫೋನಿನಲ್ಲಿ ಹೇಳಿದರು,
"ತೊಂಬತ್ತೈದಕ್ಕೆಲ್ಲ ಬೆಡ್ ಕೊಡಕ್ಕಾಗಲ್ಲಮ್ಮ."
ಸಹರಿಗೆ ಎಬ್ಬಿಸಲು ಹೋದರೆ ತಣ್ಣಗಿದ್ದರಂತೆ.
ನನ್ನ ಫಾರಂನಲ್ಲಿ ಇವತ್ತಿಗೂ ಆರಾಮಾಗಿದ್ದಾರೆ.

ಲಸಿಕೆ ಓಣಿಯ ಉರ್ದು ಶಾಲೆಗೇ ಬಂತು.
ಹೆಸರನ್ನು ಮಾತ್ರ ಮೊಬೈಲಿನಲ್ಲಿ ಮೊದಲೇ ಹಿಡಿಸಿರಬೇಕು,
ಬೆಳಗಿನ ಜಾವ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ.
ವಿದ್ಯಾನಗರದ ಕಾರುಗಳು ಬಂದವು.
ಮಕ್ಕಳು ಎಣಿಸಿದರು, ಐವತ್ತೊಂದು.
ಒಬ್ಬರು ಗಾಜು ಎರಡು ಬೆರಳು ಇಳಿಸಿ ಕೇಳಿದರು,
"ಈ ಏರಿಯಾ ಸೇಫಾ?"
ಷಮೀಮ್ ಬಾಗಿಲಲ್ಲಿ ನಿಂತು ಅಂದಳು,
"ನಮ್ಮ ಶಾಲೆಗೆ ಇಷ್ಟು ದೊಡ್ಡ ಮಂದಿ ಯಾವತ್ತಾದ್ರೂ ಬಂದಿದ್ರಾ ಅಕ್ಕಾ?"

ಮಳೆಗಾಲಕ್ಕೆ ನಮಗೆ ತರಬೇತಿ. ಬಿಸ್ಕತ್ತು, ಚಹಾ.
ಪ್ರಶ್ನೆ ಇದ್ದರೆ ಕೇಳಿ ಅಂದರು.
ಈ ಯಂತ್ರ ಯಾರ ಬೆರಳು ನೋಡಿ ಕಲಿತಿದ್ದು ಸಾರ್?
ಯಾರೋ ನಕ್ಕರು. ಡಾಕ್ಟರು ನಗಲಿಲ್ಲ,
ಚಿಕ್ಕ ಹುಡುಗ, ಒಳ್ಳೆಯವನು.
"ಬೆಳಕು ಬೆರಳನ್ನು ದಾಟಿ ಬರಬೇಕಮ್ಮ.
ಬಿಳಿ ಜನರ ಮೇಲೆ ಅಳೆದು ಮಾಡಿದ್ದಿರಬೇಕು.
ಕಪ್ಪು ಚರ್ಮಕ್ಕೆ ಒಂದೆರಡು ಅಂಕಿ
ಜಾಸ್ತಿ ತೋರಿಸುತ್ತೆ ಅಂತ ಓದಿದೀನಿ."

ಒಂದೆರಡು.
ತೊಂಬತ್ತೈದರಲ್ಲಿ ಎರಡು ಕಳೆದೆ.
ಬೆರಳು ಮಡಚಿ ಮತ್ತೊಮ್ಮೆ ಕಳೆದೆ.
ತೊಂಬತ್ಮೂರು.
ಫೋನು ಮಾಡು.

ಮನೆಗೆ ಬಂದು, ಕೈ ತೊಳೆದು,
ನನ್ನ ಬೆರಳನ್ನೇ ಅದರ ಬಾಯಿಗೆ ಕೊಟ್ಟೆ.
ತೊಂಬತ್ತೆಂಟು ಅಂತು.
ಅಂಕಿ ನೋಡಿದೆ. ಬೆರಳು ನೋಡಿದೆ.
ಆ ಕೆಂಪು ದೀಪ ತಾನಾಗಿ ಆರುವವರೆಗೆ
ಹಾಗೇ ಕೂತಿದ್ದೆ.